ಆಸ್ಪತ್ರೆಯ ಹೆರಿಗೆ ಮತ್ತು ಜೊತೆಗಾತಿಯ ವೆಚ್ಚ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡ ನಾಡಿನಲ್ಲಿ ಬಹು ಹಿಂದಿನಿಂದಲೂ ರೂಢಿಯಲ್ಲಿದೆ. ಹೆರಿಗೆಯ ಅಪಾಯವನ್ನು ಸೂಚಿಸುವುದರೊಂದಿಗೆ, ಅಂಥ ಹೊತ್ತಿನಲ್ಲಿ ಹೆಣ್ಣನ್ನು ಒಂಟಿಯಾಗಿ ಬಿಡಬಾರದೆಂಬ ಎಚ್ಚರವೂ ಆ ಮಾತಿನಲ್ಲಿ ಅಡಗಿದೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ವಾಡಿಕೆಗೆ ಈ ಎಚ್ಚರವೇ ಆಧಾರ. ತಾಯಿ, ಅಜ್ಜಿ, ಅತ್ತಿಗೆ, ನೆರೆಮನೆಯ ಹಿರಿಯಾಕೆ, ಇವರೆಲ್ಲರ ನಡುವೆ ಸೂಲಗಿತ್ತಿ. ನೋವು ಆರಂಭವಾದ ಗಳಿಗೆಯಿಂದ ಮಗುವಿನ ಅಳು ಕೇಳುವವರೆಗೆ ಯಾರಾದರೊಬ್ಬರ ಕೈ ಅವಳ ಬೆನ್ನಿನ ಮೇಲೆ ಇದ್ದೇ ಇರುತ್ತಿತ್ತು.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸ್ಥಿತಿ ಬೇರೆ. ಮಗಳು ಉದ್ಯೋಗಸ್ಥೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತಾದರೂ, ಅದರ ಬಹುಭಾಗವನ್ನು ಮಗು ಹುಟ್ಟಿದ ಮೇಲೆ ಬಳಸಬೇಕೆಂದು ಅವಳು ಕೊನೆಯ ವಾರದವರೆಗೂ ಕಚೇರಿಗೆ ಹೋಗುತ್ತಾಳೆ. ಮೊದಲಿನಿಂದ ಪರೀಕ್ಷಿಸುತ್ತ ಬಂದ ವೈದ್ಯರನ್ನು ಬಿಟ್ಟು ಎಂಟನೆಯ ತಿಂಗಳಲ್ಲಿ ಊರಿಗೆ ಹೋಗಲು ಅವಳ ಮನಸ್ಸು ಒಪ್ಪುವುದಿಲ್ಲ. ಊರಿನಲ್ಲಿರುವ ತಾಯಿಗೆ ಮಂಡಿನೋವು, ರಕ್ತದೊತ್ತಡ. ಇಲ್ಲವೇ ಆಕೆಯೂ ಉದ್ಯೋಗದಲ್ಲಿರುವವಳು. ಕಡೆಗೆ ಹೆರಿಗೆ ನಗರದ ಆಸ್ಪತ್ರೆಯಲ್ಲಿಯೇ ಆಗುತ್ತದೆ. ಗಂಡ ಹೊರಗಿನ ಬೆಂಚಿನ ಮೇಲೆ, ಹೆಂಡತಿ ಒಳಗಿನ ಮಂಚದ ಮೇಲೆ, ನಡುವೆ ಮುಚ್ಚಿದ ಬಾಗಿಲು.

ಈ ಕೊರತೆಯನ್ನು ತುಂಬಲು ದೊಡ್ಡ ನಗರಗಳಲ್ಲಿ ‘ಡೂಲಾ’ ಎಂಬ ಹೆಸರಿನ ವೃತ್ತಿಯೊಂದು ತಲೆದೋರಿದೆ. ಇದನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಉಳ್ಳವರ ಷೋಕಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಇದು ಸಹಜ ಹೆರಿಗೆಗೆ ಖಾತರಿ ಎಂದು ನಂಬಿದ ಕಿರಿಯರು ಸಾಲ ಮಾಡಲೂ ಸಿದ್ಧರಾಗುತ್ತಾರೆ. ಎರಡೂ ಸರಿಯಲ್ಲ. ಹೆರಿಗೆಯ ಹೊತ್ತಿನಲ್ಲಿ ಜೊತೆಗಾತಿಯೊಬ್ಬಳು ಬಿಡದೆ ಬಳಿಯಲ್ಲಿರುವುದು ಅಗತ್ಯ. ಆದರೆ ಆ ಜೊತೆಗಾತಿ ಹಣ ಕೊಟ್ಟು ಕರೆತಂದವಳೇ ಆಗಬೇಕೆಂಬುದು ಅಗತ್ಯವಲ್ಲ. ಈ ಭೇದವನ್ನು ಮನಗಂಡರೆ ವೆಚ್ಚದ ಪ್ರಶ್ನೆ ಅರ್ಧ ಬಗೆಹರಿದಂತೆಯೇ.

ಸೂಲಗಿತ್ತಿಯ ಎರಡು ಕೆಲಸಗಳು

ಹಳ್ಳಿಯ ಸೂಲಗಿತ್ತಿ ಎರಡು ಕೆಲಸಗಳನ್ನು ಮಾಡುತ್ತಿದ್ದಳು. ಒಂದು, ಮಗುವನ್ನು ಹೊರತೆಗೆದು ಹೊಕ್ಕುಳ ಬಳ್ಳಿಯನ್ನು ಕತ್ತರಿಸುವ ಕೈಕೆಲಸ. ಇನ್ನೊಂದು, ಗಂಟೆಗಟ್ಟಲೆ ಬಳಿಯಲ್ಲಿ ಕುಳಿತು ಬೆನ್ನು ನೀವಿ, ಎಬ್ಬಿಸಿ ನಡೆಸಿ, ಧೈರ್ಯ ಹೇಳುವ ಕೆಲಸ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳನ್ನು ಪ್ರತಿಫಲ ಬಯಸದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರಿನೊಂದಿಗೆ ಜನ ನೆನೆಯುವುದು ಈ ಎರಡು ಕೆಲಸಗಳನ್ನೂ ಕೂಡಿಯೇ.

ಮೊದಲನೆಯ ಕೆಲಸ ಆಸ್ಪತ್ರೆಯ ಪಾಲಾದದ್ದು ಒಳ್ಳೆಯದೇ ಆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇಕಡಾ 38.7 ಮಾತ್ರ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು. 2019-21ರ ವೇಳೆಗೆ ಅದು ಶೇಕಡಾ 88.6ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2004-06ರಲ್ಲಿ 254 ಇದ್ದದ್ದು 2018-20ರಲ್ಲಿ 97ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಆಸ್ಪತ್ರೆಯ ರಕ್ತ, ಔಷಧಿ, ಶಸ್ತ್ರಕ್ರಿಯೆಗಳ ಪಾಲು ದೊಡ್ಡದು. ಮನೆಯ ಹೆರಿಗೆಗೆ ಮರಳಬೇಕೆಂದು ವಿವೇಕಿಗಳಾರೂ ಹೇಳಲಾರರು.

ಆದರೆ ಎರಡನೆಯ ಕೆಲಸವನ್ನು ಆಸ್ಪತ್ರೆ ಕೈಗೆತ್ತಿಕೊಳ್ಳಲಿಲ್ಲ. ಒಬ್ಬ ದಾದಿ ಏಕಕಾಲಕ್ಕೆ ಹಲವು ಮಂಚಗಳನ್ನು ನೋಡಿಕೊಳ್ಳಬೇಕು, ದಾಖಲೆ ಬರೆಯಬೇಕು, ಪಾಳಿ ಮುಗಿದರೆ ಮನೆಗೆ ಹೋಗಬೇಕು. ಅವಳು ಎಷ್ಟೇ ದಯಾವಂತೆಯಾದರೂ ಒಬ್ಬಳ ಬಳಿ ಹನ್ನೆರಡು ಗಂಟೆ ಕುಳಿತಿರಲಾರಳು. ಹೊರನಾಡಿನಲ್ಲಿ ಭಾಷೆಯ ತೊಡಕೂ ಸೇರುತ್ತದೆ. ಕಚೇರಿಯಲ್ಲಿ ಇಂಗ್ಲಿಷನ್ನೂ ಪೇಟೆಯಲ್ಲಿ ಮರಾಠಿಯನ್ನೂ ಸಲೀಸಾಗಿ ಆಡುವ ಹೆಣ್ಣು, ನೋವು ಏರಿದಾಗ ‘ಅವ್ವಾ’, ‘ಅಮ್ಮಾ’ ಎಂದೇ ಕೂಗುತ್ತಾಳೆ. ಆ ಕೂಗಿಗೆ ಅವಳ ಭಾಷೆಯಲ್ಲಿ ಓಗೊಡುವವರು ಆ ಕೋಣೆಯಲ್ಲಿ ಇರುವುದಿಲ್ಲ.

ಡೂಲಾ ಎಂದರೆ ಯಾರು?

ಸೇವೆ ಮಾಡುವ ಹೆಂಗಸು ಎಂಬರ್ಥದ ಗ್ರೀಕ್ ಪದ ಇದು. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ 1973ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಬಾಣಂತಿಗೆ ನೆರವಾಗುವ ಅನುಭವಿ ಸ್ತ್ರೀಯನ್ನು ಈ ಹೆಸರಿನಿಂದ ಕರೆದರು. ಮುಂದೆ ಅದು ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವಳ ಹೆಸರಾಯಿತು.

ಡೂಲಾ ವೈದ್ಯಳಲ್ಲ, ದಾದಿಯಲ್ಲ, ಸೂಲಗಿತ್ತಿಯೂ ಅಲ್ಲ. ಅವಳು ಒಳಪರೀಕ್ಷೆ ಮಾಡಬಾರದು, ಔಷಧಿ ಕೊಡಬಾರದು, ವೈದ್ಯರ ಸಲಹೆಗೆ ಅಡ್ಡ ಬರಬಾರದು. ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ಒಂದೇ ಮಗ್ಗುಲಲ್ಲಿ ಬಿದ್ದಿರದಂತೆ ಭಂಗಿ ಬದಲಿಸಲು ನೆರವಾಗುವುದು, ಆಗಾಗ ಮೂತ್ರವಿಸರ್ಜನೆಗೆ ಎಬ್ಬಿಸುವುದು, ವೈದ್ಯರ ಅನುಮತಿಯಿದ್ದರೆ ಗುಟುಕು ನೀರು ಕುಡಿಸುವುದು, ವೈದ್ಯರ ಮಾತನ್ನು ತಿಳಿಯಾಗಿ ಹೇಳುವುದು, ತಾಯಿಗೆ ಕೇಳಬೇಕೆನಿಸಿದ ಪ್ರಶ್ನೆಯನ್ನು ಕೇಳಲು ಧೈರ್ಯ ತುಂಬುವುದು, ಇವಿಷ್ಟೇ ಅವಳ ಕಾರ್ಯ. ಕೇಳಲು ಅಲ್ಪವೆನಿಸುವ ಈ ಕೆಲಸಗಳ ಪರಿಣಾಮ ಅಲ್ಪವಲ್ಲ.

ಪ್ರಯೋಗಗಳು ಹೇಳುವುದೇನು?

1980ರಲ್ಲಿ ಗ್ವಾಟೆಮಾಲಾದ ಆಸ್ಪತ್ರೆಯೊಂದರ ಅಧ್ಯಯನ ಪ್ರಕಟವಾಯಿತು. ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಎಂಬ ಶಿಶುವೈದ್ಯರು ಅದರಲ್ಲಿ ಪಾಲ್ಗೊಂಡಿದ್ದರು. ಅಲ್ಲಿ ಜೊತೆಗಿದ್ದವರು ತಾಯಂದಿರಿಗೆ ಮೊದಲು ಪರಿಚಯವಿಲ್ಲದ ಸಾಮಾನ್ಯ ಹೆಂಗಸರು. ಜೊತೆಗಾತಿಯಿದ್ದ ತಾಯಂದಿರಿಗೆ ಆಸ್ಪತ್ರೆ ಸೇರಿದಂದಿನಿಂದ ಹೆರಿಗೆಯಾಗಲು ಸರಾಸರಿ 8.8 ಗಂಟೆ ಹಿಡಿದರೆ, ಒಂಟಿಯಾಗಿದ್ದವರಿಗೆ 19.3 ಗಂಟೆ ಹಿಡಿಯಿತು. 1991ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾದಾಗ, ಡೂಲಾ ಜೊತೆಗಿದ್ದವರಲ್ಲಿ ಸಿಸೇರಿಯನ್ ಶಸ್ತ್ರಕ್ರಿಯೆಯ ಪ್ರಮಾಣ ಶೇಕಡಾ 8, ಒಂಟಿಯಾಗಿದ್ದವರಲ್ಲಿ ಶೇಕಡಾ 18 ಎಂದು ಕಂಡುಬಂದಿತು. ಅಲ್ಲಿ ಇನ್ನೊಂದು ಗುಂಪೂ ಇತ್ತು. ಆ ಗುಂಪಿನ ತಾಯಂದಿರ ಕೋಣೆಯಲ್ಲಿ ಒಬ್ಬ ಹೆಂಗಸು ಮಾತನಾಡದೆ, ಮುಟ್ಟದೆ, ಸುಮ್ಮನೆ ಕುಳಿತು ಗಮನಿಸುತ್ತಿದ್ದಳು. ಅವರಲ್ಲಿ ಈ ಪ್ರಮಾಣ ಶೇಕಡಾ 13. ಸುಮ್ಮನೆ ಕುಳಿತವಳಿಂದಲೂ ಒಂಟಿತನ ಅಷ್ಟು ಕಡಿಮೆಯಾಯಿತೆಂದು ತೋರುತ್ತದೆ.

ಇವು ಚಿಕ್ಕ ಪ್ರಯೋಗಗಳು. ಇವುಗಳ ಅಂಕಿಗಳನ್ನು ಎಲ್ಲೆಡೆಗೂ ಅನ್ವಯಿಸುವುದು ಸಲ್ಲದು. 2017ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 26 ಪ್ರಯೋಗಗಳನ್ನು, ಹದಿನೈದು ಸಾವಿರಕ್ಕೂ ಮೀರಿದ ತಾಯಂದಿರನ್ನು ಒಟ್ಟಿಗೆ ಗಣನೆಗೆ ತೆಗೆದುಕೊಂಡಿತು. ಅದರಂತೆ, ನಿರಂತರ ನೆರವು ಪಡೆದವರಲ್ಲಿ ಸಿಸೇರಿಯನ್ ಸುಮಾರು ಕಾಲುಭಾಗದಷ್ಟು ಕಡಿಮೆ; ಹೆರಿಗೆಯ ಅವಧಿಯ ಉಳಿತಾಯ ಮುಕ್ಕಾಲು ಗಂಟೆಗಿಂತ ತುಸು ಕಡಿಮೆ; ಹೆರಿಗೆಯ ಬಗ್ಗೆ ಕಹಿ ಭಾವನೆ ಉಳಿಯುವುದೂ ಕಡಿಮೆ. ಇದು ಪವಾಡವಲ್ಲ, ಖಾತರಿಯೂ ಅಲ್ಲ. ಆದರೆ ಇಷ್ಟು ಪ್ರಯೋಜನವನ್ನು, ಅಡ್ಡಪರಿಣಾಮ ಕಾಣದೆ, ಕೊಡುವ ಔಷಧಿಯೊಂದು ದೊರೆತಿದ್ದರೆ ಆಸ್ಪತ್ರೆಗಳು ಅದನ್ನು ಕೊಳ್ಳದೆ ಬಿಡುತ್ತಿರಲಿಲ್ಲ. 2019-21ರ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4 ಶಸ್ತ್ರಕ್ರಿಯೆಯವು, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3. ಶಸ್ತ್ರಕ್ರಿಯೆ ಪ್ರಾಣ ಉಳಿಸುವ ಸಂದರ್ಭಗಳು ಇವೆ, ಅದನ್ನು ಹಳಿಯಬಾರದು. ಆದರೂ ಈ ಅಂತರದ ಎದುರಿನಲ್ಲಿ ಜೊತೆಗಾತಿಯ ಪ್ರಶ್ನೆ ಷೋಕಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬೆಲೆಗೆ ಮೊದಲು ಬಾಗಿಲು

ಡೂಲಾಳ ಶುಲ್ಕವೆಷ್ಟು ಎಂದು ವಿಚಾರಿಸುವುದಕ್ಕೆ ಮುಂಚೆ ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ಹೆರಿಗೆ ಕೋಣೆಯೊಳಗೆ ಯಾರನ್ನು, ಎಷ್ಟು ಜನರನ್ನು, ಎಷ್ಟು ಹೊತ್ತು ಬಿಡುತ್ತೀರಿ? ಅನೇಕ ಆಸ್ಪತ್ರೆಗಳಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ಹಾಗಿದ್ದಲ್ಲಿ ಗಂಡನೋ ತಾಯಿಯೋ ಡೂಲಾಳೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಕೆಲವೆಡೆ ಯಾರಿಗೂ ಪ್ರವೇಶವಿಲ್ಲ. ಶುಲ್ಕ ತೆತ್ತ ಡೂಲಾ ಬಾಗಿಲ ಹೊರಗೆ ಗಂಡನ ಪಕ್ಕದಲ್ಲಿ ಕುಳಿತಿರುವಂತಾದರೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಆದುದರಿಂದ ಏಳನೆಯ ತಿಂಗಳೊಳಗೆ ವೈದ್ಯರ ಒಪ್ಪಿಗೆಯನ್ನು ಪಡೆದು, ಆಸ್ಪತ್ರೆಯ ಕಡತದಲ್ಲಿ ಅದನ್ನು ಬರೆಸಿಡುವುದು ಕ್ಷೇಮ. ಬಾಯಿಮಾತಿನ ಒಪ್ಪಿಗೆ ರಾತ್ರಿ ಪಾಳಿಯವರಿಗೆ ತಿಳಿದಿರುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿಯೇ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗಾತಿಗೆ ಅವಕಾಶ ಕೊಡಬೇಕೆಂದು ಸೂಚಿಸಿತು. ಆಕೆ ಸ್ವತಃ ಹೆರಿಗೆ ಕಂಡ ಸ್ತ್ರೀ ಬಂಧುವಾಗಿರಬೇಕು, ಸಾಂಕ್ರಾಮಿಕ ರೋಗವಿರಬಾರದು, ಶುಭ್ರ ಉಡುಪು ತೊಟ್ಟಿರಬೇಕು, ಕೊನೆಯವರೆಗೂ ಇರಲು ಸಿದ್ಧಳಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು ಎಂಬುವು ಅದರ ನಿಬಂಧನೆಗಳು. ಮರೆ ಇರುವ ಕೋಣೆಗಳಲ್ಲಿ ಗಂಡನಿಗೂ ಅವಕಾಶ ನೀಡಬಹುದೆಂದು ಅದು ಹೇಳಿತು. ತಮಿಳುನಾಡು ಈ ಶತಮಾನದ ಮೊದಲ ದಶಕದಲ್ಲಿಯೇ ಇಂಥ ವ್ಯವಸ್ಥೆಯನ್ನು ಆರಂಭಿಸಿತ್ತು. ತಾಯಿ ತಾನೇ ಆರಿಸಿದ ಸಂಗಾತಿ ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿತು. ಇಷ್ಟೆಲ್ಲ ಇದ್ದರೂ ಸೂಚನೆ ಕಾಗದದಲ್ಲಿ ಉಳಿದಿರುವ ಆಸ್ಪತ್ರೆಗಳು ಇಲ್ಲದಿಲ್ಲ. ಕೇಳುವವರಿದ್ದರೆ ಕಾಗದ ಬಾಗಿಲಿನವರೆಗೆ ಬರುತ್ತದೆ.

ಹಣ ತೆರಲಾಗದ ಕುಟುಂಬಕ್ಕೆ ಇದೇ ಮೊದಲ ಮಾರ್ಗ. ಧೈರ್ಯಸ್ಥಳಾದ ಅತ್ತಿಗೆ, ಚಿಕ್ಕಮ್ಮ, ಇಲ್ಲವೇ ಅಕ್ಕ ಸಾಕು. ಆಕೆಯನ್ನು ಒಂದೆರಡು ಸಲ ತಪಾಸಣೆಗೆ ಜೊತೆಗೆ ಕರೆದೊಯ್ದು, ಬೆನ್ನು ಒತ್ತುವ ಬಗೆ, ಉಸಿರಾಟದ ಕ್ರಮ, ಯಾವಾಗ ದಾದಿಯನ್ನು ಕರೆಯಬೇಕೆಂಬ ವಿವರಗಳನ್ನು ದಾದಿಯಿಂದ ತಿಳಿಸಿಕೊಡಬೇಕು. ತನ್ನ ಹೆರಿಗೆಯ ಭಯಂಕರ ಕಥೆಗಳನ್ನು ಹೇಳುವ ಚಟವಿರುವವಳನ್ನು ಮಾತ್ರ ಈ ಕೆಲಸಕ್ಕೆ ಆರಿಸದಿರುವುದು ಲೇಸು.

ಹುಡುಕುವ ಬಗೆ

ಬಂಧುಗಳಾರೂ ಇಲ್ಲದವರು, ಇದ್ದರೂ ಅನುಭವಿಗಳಿಲ್ಲದವರು ಡೂಲಾಳನ್ನು ಹುಡುಕಬೇಕಾಗುತ್ತದೆ. ಹೆರಿಗೆ ವೈದ್ಯರು, ಗರ್ಭಿಣಿಯರ ತರಗತಿ ನಡೆಸುವವರು, ಎದೆಹಾಲಿನ ಸಲಹೆಗಾರರು, ಈಚೆಗೆ ಹೆತ್ತ ತಾಯಂದಿರು, ಇವರಿಂದ ಹೆಸರುಗಳು ದೊರೆಯುತ್ತವೆ. ದಾದಿಯರಿಗೆ ಇರುವಂತೆ ಡೂಲಾಗಳಿಗೆ ಭಾರತದಲ್ಲಿ ಶಾಸನಬದ್ಧ ನೋಂದಣಿ ಇಲ್ಲವಾದ್ದರಿಂದ ಪ್ರಮಾಣಪತ್ರವೊಂದನ್ನೇ ನಂಬಿ ಮುಂದುವರಿಯಬಾರದು. ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದಾಳೆ, ಈ ಆಸ್ಪತ್ರೆಯ ಪರಿಚಯವಿದೆಯೇ, ಅದೇ ತಿಂಗಳಲ್ಲಿ ಬೇರೆ ಎಷ್ಟು ಮಂದಿಗೆ ಮಾತು ಕೊಟ್ಟಿದ್ದಾಳೆ, ಅವಳಿಗೆ ಬರಲಾಗದಿದ್ದರೆ ಬದಲಿ ಯಾರು, ನಡುರಾತ್ರಿ ಕಡೆಯ ಲೋಕಲ್ ರೈಲು ಹೋದ ಮೇಲೆ ಕಲ್ಯಾಣದಿಂದ ದಾದರಿಗೆ ಹೇಗೆ ಬರುತ್ತಾಳೆ, ಮೊದಲೇ ನಿಗದಿಯಾದ ಸಿಸೇರಿಯನ್ ಆದರೆ ಹಣ ಎಷ್ಟು ಮರಳಿಸುತ್ತಾಳೆ, ಇವನ್ನೆಲ್ಲ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ವೈದ್ಯರನ್ನು ಶತ್ರುಗಳೆಂದು ಬಣ್ಣಿಸುವವಳನ್ನೂ, ಸಹಜ ಹೆರಿಗೆಯ ಭರವಸೆ ಕೊಡುವವಳನ್ನೂ ದೂರವಿಡಬೇಕು. ಕನ್ನಡ ಬಲ್ಲವಳು ದೊರೆತರೆ ಅದು ಸುದೈವ.

ವೆಚ್ಚದ ಲೆಕ್ಕ

ಶುಲ್ಕ ಊರಿನಿಂದ ಊರಿಗೆ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಮಧ್ಯಮ ವರ್ಗದವರಿಗೆ ಅದು ಹಗುರವಾದ ಮೊತ್ತವಲ್ಲ. ಆದರೆ ಆ ಮೊತ್ತದಲ್ಲಿ ಏನೇನು ಅಡಗಿದೆಯೆಂಬುದನ್ನೂ ಬಿಡಿಸಿ ನೋಡಬೇಕು. ಹೆರಿಗೆಗೆ ಮುಂಚಿನ ಭೇಟಿಗಳು, ದಿನ ತುಂಬುವ ಎರಡು ಮೂರು ವಾರಗಳಲ್ಲಿ ಯಾವ ಗಳಿಗೆಯಲ್ಲಾದರೂ ಕರೆ ಬಂದೀತೆಂದು ಊರು ಬಿಡದೆ ಕಾಯುವುದು, ಹೆರಿಗೆಯ ಹತ್ತಿಪ್ಪತ್ತು ಗಂಟೆಗಳು, ಅನಂತರ ಬಾಣಂತಿಯ ಭೇಟಿ. ಹೀಗೆ ಕಾಯುವವಳು ತಿಂಗಳಿಗೆ ಕೆಲವೇ ಹೆರಿಗೆಗಳನ್ನು ಒಪ್ಪಿಕೊಳ್ಳಬಲ್ಲಳು. ಗಂಟೆಗೆ ಭಾಗಿಸಿ ನೋಡಿದರೆ ಅದು ದುಬಾರಿಯೆನಿಸುವುದಿಲ್ಲ. ಸೂಲಗಿತ್ತಿಯರು ಪುಕ್ಕಟೆ ಮಾಡುತ್ತಿದ್ದರಲ್ಲ ಎಂಬ ವಾದ ಕೆಲವರದು. ಅವರು ಪುಕ್ಕಟೆ ಮಾಡಿದ್ದು ಅವರ ದೊಡ್ಡತನ. ಅದನ್ನು ಪರರ ದುಡಿಮೆಗೆ ಬೆಲೆ ಕೊಡದಿರಲು ನೆಪವಾಗಿಸಿಕೊಳ್ಳುವುದು ಅನ್ಯಾಯ.

ಆರೋಗ್ಯ ವಿಮೆಯಿಂದ ಇಲ್ಲಿ ನೆರವು ದೊರೆಯುವುದು ವಿರಳ. ವಿಮೆ ಭರಿಸುವುದು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲನ್ನು. ಡೂಲಾಳ ರಸೀದಿ ಆಸ್ಪತ್ರೆಯ ಬಿಲ್ಲಿನಲ್ಲಿ ಸೇರುವುದಿಲ್ಲ. ಶಸ್ತ್ರಕ್ರಿಯೆಯ ವೆಚ್ಚಕ್ಕೆ ಹಣ ಕೊಡುವ ವಿಮೆ, ಅದನ್ನು ತಪ್ಪಿಸಬಲ್ಲ ನೆರವಿಗೆ ಕೊಡುವುದಿಲ್ಲವೆಂಬುದು ಲೆಕ್ಕ ಬಲ್ಲವರಿಗೆ ವಿಚಿತ್ರವಾಗಿ ತೋರದಿರದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಅಲ್ಪಾದಾಯದವರ ಸಾರ್ವಜನಿಕ ವಿಮೆಯಾದ ಮೆಡಿ-ಕ್ಯಾಲ್‌ನಲ್ಲಿ 2023ರ ಜನವರಿಯಿಂದ ಡೂಲಾ ಸೇವೆಯನ್ನು ಸೇರಿಸಿತು. ಇಲ್ಲಿಯೂ ನೌಕರರ ಸಂಘಗಳು ಸಾಮೂಹಿಕ ವಿಮೆಯ ಒಪ್ಪಂದದ ಕಾಲದಲ್ಲಿ ಈ ಬೇಡಿಕೆಯನ್ನು ಮುಂದಿಡುವುದು ಯೋಗ್ಯ.

ಅಲ್ಲಿಯವರೆಗೆ ಕುಟುಂಬವೇ ಯೋಜಿಸಬೇಕು. ಗರ್ಭ ನಿಂತದ್ದು ಖಚಿತವಾದ ತಿಂಗಳಲ್ಲಿಯೇ ಬ್ಯಾಂಕಿನಲ್ಲಿ ತಿಂಗಳಿಗೆ 3,000 ರೂಪಾಯಿಯ ಆವರ್ತಕ ಠೇವಣಿ ತೆರೆದರೆ, ಏಳು ತಿಂಗಳಲ್ಲಿ 21,000 ರೂಪಾಯಿ ಮತ್ತು ಸ್ವಲ್ಪ ಬಡ್ಡಿ ಕೈಸೇರುತ್ತದೆ. ಸೀಮಂತ, ನಾಮಕರಣಗಳಿಗೆ ಸಭಾಗೃಹ ಹಿಡಿದು ಮಾಡುವ ವೆಚ್ಚದ ಒಂದು ಪಾಲನ್ನು ಇತ್ತ ತಿರುಗಿಸಬಹುದು. ಬೆಳ್ಳಿ ಬಟ್ಟಲಿನ ಬದಲು ಈ ನಿಧಿಗೆ ಉಡುಗೊರೆ ಕೊಡಿರೆಂದು ಹತ್ತಿರದ ಬಂಧುಗಳಿಗೆ ಹೇಳುವುದರಲ್ಲಿ ಸಂಕೋಚ ಬೇಡ. ಶುಲ್ಕವನ್ನು ಎರಡು ಮೂರು ಕಂತುಗಳಲ್ಲಿ ಪಾವತಿ ಮಾಡಲು ಕೇಳಿಕೊಳ್ಳಬಹುದು. ಹೊಸದಾಗಿ ತರಬೇತಿ ಪಡೆದವರು ಅನುಭವಕ್ಕಾಗಿ ಕಡಿಮೆ ಶುಲ್ಕಕ್ಕೆ ಒಪ್ಪುವುದುಂಟು. ಒಂದು ನಿಯಮವನ್ನು ಮಾತ್ರ ಮೀರಬಾರದು. ತುರ್ತು ಶಸ್ತ್ರಕ್ರಿಯೆ, ಮಗುವಿನ ಚಿಕಿತ್ಸೆಗಳಿಗಾಗಿ ಮೀಸಲಿಟ್ಟ ಹಣಕ್ಕೆ ಕೈಹಾಕಿ, ಇಲ್ಲವೇ ಒಡವೆ ಅಡವಿಟ್ಟು ಡೂಲಾಳ ಶುಲ್ಕ ತೆರಬಾರದು. ಅಂಥ ಸ್ಥಿತಿಯಲ್ಲಿ ಬಂಧುವಿನ ಜೊತೆಯೇ ಸರಿಯಾದ ಆಯ್ಕೆ.

ಸಂಘಗಳ ಹೊಣೆ

ಹೊರನಾಡಿನ ಕನ್ನಡ ಸಂಘಗಳು ನಾಟಕ, ರಾಜ್ಯೋತ್ಸವ, ವಿದ್ಯಾರ್ಥಿ ವೇತನ, ರಕ್ತದಾನ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಊರಿನಿಂದ ಬಂದವರಿಗೆ ಊರಿನ ನೆರವನ್ನು ಒದಗಿಸುವುದಕ್ಕಾಗಿಯೇ ಇಂಥ ಸಂಘಗಳು ಹುಟ್ಟಿದವು. ಹೆರಿಗೆಗೆ ಆಸರೆಯಾಗುವುದಕ್ಕಿಂತ ಊರಿನ ನೆರವು ಬೇರಾವುದು?

ಮಹಿಳಾ ವಿಭಾಗದವರು ಮನಸ್ಸು ಮಾಡಿದರೆ ಹತ್ತು ಹದಿನೈದು ಮಂದಿ ಅನುಭವಿ ಸದಸ್ಯೆಯರ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಮಕ್ಕಳು ದೊಡ್ಡವರಾಗಿ ಹಗಲಿನ ಬಿಡುವು ದೊರೆತವರು, ನಿವೃತ್ತ ದಾದಿಯರು, ಶಾಲಾ ಶಿಕ್ಷಕಿಯರು ಇದಕ್ಕೆ ತಕ್ಕವರು. ಪರಿಚಯದ ಹೆರಿಗೆ ವೈದ್ಯರಿಂದ ಅವರಿಗೆ ಕೆಲವು ದಿನಗಳ ತರಬೇತಿ ಕೊಡಿಸಿ, ನೆರೆಯ ಆಸ್ಪತ್ರೆಗಳೊಂದಿಗೆ ಸಂಘದ ಹೆಸರಿನಲ್ಲಿ ಮಾತನಾಡಬಹುದು. ಒಬ್ಬ ಗಂಡ ಕೇಳಿದರೆ ‘ಆಗುವುದಿಲ್ಲ’ ಎನ್ನುವ ಆಸ್ಪತ್ರೆ, ನೂರು ಕುಟುಂಬಗಳ ಸಂಘ ಕೇಳಿದಾಗ ಯೋಚಿಸುತ್ತದೆ. ಸರ್ಕಾರಿ ಆಸ್ಪತ್ರೆ ಸ್ತ್ರೀ ಬಂಧುವೇ ಬೇಕೆಂದರೆ, ಆ ಬಂಧುವಿಗೆ ಈ ಸದಸ್ಯೆಯರು ಮೊದಲೇ ತಿಳಿವಳಿಕೆ ಕೊಡಬಹುದು.

ಹಣದ ಏರ್ಪಾಡೂ ಅಸಾಧ್ಯವಲ್ಲ. ನೂರು ಸದಸ್ಯರು ತಲಾ 5,000 ರೂಪಾಯಿ ಕೊಟ್ಟರೆ 5 ಲಕ್ಷದ ಮೂಲನಿಧಿಯಾಗುತ್ತದೆ. ಅದನ್ನು ನಿಶ್ಚಿತ ಠೇವಣಿಯಲ್ಲಿಟ್ಟು ಶೇಕಡಾ 6ರ ಬಡ್ಡಿ ಬಂದರೂ ವರ್ಷಕ್ಕೆ 30,000 ರೂಪಾಯಿ. ಆರು ಕುಟುಂಬಗಳಿಗೆ ತಲಾ 5,000 ರೂಪಾಯಿಯ ನೆರವು. ಮೂಲಧನ ಹಾಗೆಯೇ ಉಳಿಯುತ್ತದೆ. ಸ್ಮರಣ ಸಂಚಿಕೆಯ ಜಾಹೀರಾತುಗಳಿಂದ ಬರುವ ಹಣದ ಒಂದು ಪಾಲನ್ನೂ ಪ್ರತಿವರ್ಷ ಸೇರಿಸುತ್ತ ಹೋದರೆ ನಿಧಿ ಬೆಳೆಯುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ನೆರವು ಪಡೆದವರ ಹೆಸರನ್ನು ಪ್ರಕಟಿಸದಿರುವ, ಹೋಟೆಲಿನಲ್ಲಿ ದುಡಿಯುವವನ ಹೆಂಡತಿಗೂ ಅಧಿಕಾರಿಯ ಮಗಳಿಗೂ ಭೇದವೆಣಿಸದಿರುವ ಕಟ್ಟುಪಾಡನ್ನು ಮೊದಲೇ ಮಾಡಿಕೊಳ್ಳುವುದು ಅವಶ್ಯ.

ಹೆರಿಗೆ ಸುರಕ್ಷಿತವಾಗಿರಬೇಕೆಂದು ಸಮಾಜ ಹೆಣ್ಣನ್ನು ಆಸ್ಪತ್ರೆಗೆ ಕಳುಹಿಸಿತು. ಆ ನಿರ್ಧಾರ ವಿವೇಕದ್ದು. ಆದರೆ ಬಾಗಿಲಿನವರೆಗೆ ಮಾತ್ರ ಬಂದು ನಿಂತ ಬಂಧುಬಳಗ ತನ್ನ ಕರ್ತವ್ಯ ಅಲ್ಲಿಗೆ ಮುಗಿಯಿತೆಂದು ಭಾವಿಸಿದ್ದು ಸರಿಯಲ್ಲ. ಬಂಧುವಾಗಲಿ, ಡೂಲಾ ಆಗಲಿ, ಸಂಘದ ಸದಸ್ಯೆಯಾಗಲಿ, ಒಬ್ಬಳು ಒಳಗೆ ಹೋಗಿ ಕೊನೆಯವರೆಗೂ ಕೈಹಿಡಿದು ಕೂರಬೇಕು. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಸ್ಥಳ ದೊರೆತರೆ, ಹೊರನಾಡಿನಲ್ಲಿ ಹೆರುವ ಕನ್ನಡದ ಹೆಣ್ಣುಮಕ್ಕಳಿಗೆ ತವರು ಅಷ್ಟರಮಟ್ಟಿಗೆ ಹತ್ತಿರವಾದೀತು.